ಪಕ್ಕದ ಮೆಷಿನ್ನಿನವರು

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶಕ್ಕೆ ಹೊಸದಾಗಿ ಕೆಲಸಕ್ಕೆ ಹೊರಡುವ ಮಕ್ಕಳಿಗೆ ಮನೆಯವರು ಹೇಳಿ ಕಳಿಸುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ‘ನಿನ್ನ ಪಾಡಿಗೆ ನೀನಿರು, ಯಾರ ತಂಟೆಗೂ ಹೋಗಬೇಡ.’ ಮಂಚೇನಹಳ್ಳಿ ಕಡೆಯಿಂದಲೋ ತೊಂಡೇಬಾವಿ, ನಗರಗೆರೆ ಕಡೆಯಿಂದಲೋ ಬೆಳಗಿನ ಬಸ್ಸು ಹತ್ತುವ ಹುಡುಗಿಯ ಕಿವಿಯಲ್ಲಿ ಅದೇ ಮಾತು ಗುಂಯ್‌ಗುಡುತ್ತಿರುತ್ತದೆ. ಹೆತ್ತವರ ಭಯ ನನಗೆ ಅರ್ಥವಾಗುತ್ತದೆ. ಮಗಳು ಊರು ಬಿಟ್ಟು ನಾಲ್ಕು ಜನರ ನಡುವೆ ದುಡಿಯಲು ಹೋಗುತ್ತಿದ್ದಾಳೆ, ಅವಳಿಗೆ ಕೆಟ್ಟ ಹೆಸರು ಬರಬಾರದು, ಸಂಬಳ ತಪ್ಪಬಾರದು. ಅಷ್ಟೇ ಅವರ ಆಸೆ.

ಮೊದಲು ಪೀಣ್ಯದಲ್ಲಿ, ಆಮೇಲೆ ನಮ್ಮ ತಾಲ್ಲೂಕಿನಲ್ಲೇ, ಗಾರ್ಮೆಂಟ್ಸ್ ಲೈನಿನಲ್ಲಿ ಕೂತು ಹೊಲಿದು, ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಕೂದಲು ನರೆತವಳು ನಾನು. ನನ್ನನ್ನು ಅಕ್ಕ ಅನ್ನುವ, ಈಚೆಗೆ ಅಮ್ಮ ಅನ್ನುವ ನಿಮಗೆಲ್ಲ ನಾನು ಹೇಳುವ ಮಾತು ಬೇರೆ. ಕೆಲಸದ ಜಾಗದಲ್ಲಿ ಯಾರೂ ತಮ್ಮ ಪಾಡಿಗೆ ತಾವು ಒಳ್ಳೆಯವರಾಗಿರಲು ಆಗುವುದಿಲ್ಲ ಮಕ್ಕಳೇ. ನೀವು ನಿಜ ಹೇಳಬೇಕಾದರೆ, ಹೊತ್ತಿಗೆ ಸರಿಯಾಗಿ ನೀರು ಕುಡಿಯಬೇಕಾದರೆ, ನಿಮ್ಮ ದೇವರನ್ನು ನೆಮ್ಮದಿಯಾಗಿ ನೆನೆಯಬೇಕಾದರೆ, ಕಷ್ಟ ಬಂದಾಗ ಬಾಯಿ ಬಿಡಬೇಕಾದರೆ, ಪಕ್ಕದ ಮೆಷಿನ್ನಿನವರು ಅದಕ್ಕೆ ಅನುವು ಮಾಡಿಕೊಡಬೇಕು. ಅವರಿಗೆ ನೀವು ಮಾಡಿಕೊಡಬೇಕು.

ಸೂಜಿಯ ವಿಷಯ ತೆಗೆದುಕೊಳ್ಳಿ. ಹೊಲಿಯುವಾಗ ಸೂಜಿ ಮುರಿಯುವುದು ದಿನವೂ ನಡೆಯುವ ಸಂಗತಿ. ನಾಲ್ಕು ಪದರ ಬಟ್ಟೆ ಒಂದೆಡೆ ಸೇರುವ ದಪ್ಪ ಹೊಲಿಗೆಯ ಮೇಲೆ, ಇಲ್ಲವೇ ಅವಸರದಲ್ಲಿ ಬಟ್ಟೆಯನ್ನು ಜಗ್ಗಿದಾಗ, ಸೂಜಿ ಬಾಗಿ ಕೆಳಗಿನ ತಟ್ಟೆಗೆ ಬಡಿದು ತುಂಡಾಗುತ್ತದೆ. ಒಳ್ಳೆಯ ಕಾರ್ಖಾನೆಗಳಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಕ್ರಮವಿದೆ. ಮೆಷಿನ್ ನಿಲ್ಲಿಸಬೇಕು, ಕೈ ಎತ್ತಬೇಕು. ಮುರಿದ ತುಂಡುಗಳನ್ನೆಲ್ಲ ಹುಡುಕಿ, ಜೋಡಿಸಿ, ಪೂರ್ತಿ ಸೂಜಿ ಆಯಿತೇ ಎಂದು ನೋಡಿ, ರಿಜಿಸ್ಟರಿನಲ್ಲಿ ಟೇಪಿನಿಂದ ಅಂಟಿಸಿ, ತಾರೀಖು, ಲೈನು, ಮೆಷಿನ್ ನಂಬರು ಬರೆಯಬೇಕು. ಆಮೇಲೆ ಮಾತ್ರ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಮೆಷಿನ್ನಿನ ಸುತ್ತಲಿನ ಪೀಸುಗಳನ್ನು ಬೇರೆ ಇಟ್ಟು, ಅಯಸ್ಕಾಂತ ಆಡಿಸಿ, ಮೆಟಲ್ ಡಿಟೆಕ್ಟರಿಗೆ ಹಾಕಿ ನೋಡುತ್ತಾರೆ. ಮಕ್ಕಳ ಉಡುಪಾದರಂತೂ ಇನ್ನೂ ಬಿಗಿ.

ಅಷ್ಟು ಹೊತ್ತು ಸೂಜಿ ಮುರಿದವಳ ಮುಂದಿನವಳಿಗೆ ಕೆಲಸವಿಲ್ಲ. ಹಿಂದಿನವಳ ಬಂಡಲುಗಳು ರಾಶಿ ಬೀಳುತ್ತವೆ. ಗಂಟೆಯ ಟಾರ್ಗೆಟ್ ಬೋರ್ಡಿನ ಮೇಲೆ ಎಲ್ಲರ ಕಣ್ಣು. ಆಗ ಹಿಂದಿನಿಂದ ಒಂದು ಧ್ವನಿ ಬರುತ್ತದೆ: ‘ಇವಳದ್ದು ದಿನಾ ಇದೇ ಗೋಳು.’ ಸೂಪರ್‌ವೈಸರ್ ಬೈದದ್ದನ್ನು ಆ ಹುಡುಗಿ ಸಂಜೆಗೆ ಮರೆಯುತ್ತಾಳೆ, ಗೆಳತಿಯ ಬಾಯಿಂದ ಬಂದ ಈ ಮಾತನ್ನು ಮರೆಯುವುದಿಲ್ಲ. ಮುಂದಿನ ಸಲ ಸೂಜಿ ಮುರಿದಾಗ ಅವಳು ಕೈ ಎತ್ತುವುದಿಲ್ಲ. ಯಾರೋ ಎತ್ತಿಟ್ಟುಕೊಂಡ ಸೂಜಿಯನ್ನು ಇಸಕೊಂಡು ಹಾಕಿ ಹೊಲಿಯುತ್ತಾಳೆ. ಮುರಿದ ಮೊನೆ ಯಾವುದೋ ಕೂಸಿನ ಅಂಗಿಯ ಅಂಚಿನೊಳಗೆ ಕೂತು ಹಡಗು ಹತ್ತುತ್ತದೆ. ಈ ಸುಳ್ಳಿನಲ್ಲಿ ಮುಚ್ಚಿಟ್ಟವಳ ಪಾಲು ಎಷ್ಟೋ, ಗೋಳು ಎಂದವಳ ಪಾಲೂ ಅಷ್ಟೇ ಎಂದು ನಾನು ತಿಳಿದಿದ್ದೇನೆ.

ನಾನು ಕಂಡ ಇನ್ನೊಂದು ಲೈನಿತ್ತು. ಅಲ್ಲಿ ಕಾಲರ್ ಕೂರಿಸುತ್ತಿದ್ದ ಒಬ್ಬ ಹಿರಿಯ ಹೆಂಗಸು ಯಾರದೇ ಸೂಜಿ ಮುರಿಯಲಿ, ‘ಗಾಬರಿ ಆಗಬೇಡ ಕಣಮ್ಮ, ನಿಧಾನಕ್ಕೆ ಹುಡುಕು, ನಿನ್ನ ಎರಡು ಬಂಡಲ್ ನಾನು ಎತ್ತುತ್ತೀನಿ’ ಎನ್ನುತ್ತಿದ್ದರು. ತಮ್ಮ ಕೆಲಸ ಮುಗಿದಿದ್ದರೆ ಸೆರಗು ಸಿಕ್ಕಿಸಿಕೊಂಡು ಮೆಷಿನ್ನಿನ ಕೆಳಗೆ ತಾವೇ ಮಂಡಿಯೂರುತ್ತಿದ್ದರು. ಆ ಲೈನಿನ ರಿಜಿಸ್ಟರಿನಲ್ಲಿ ಮುರಿದ ಸೂಜಿಗಳು ಬೇರೆ ಲೈನಿಗಿಂತ ಹೆಚ್ಚಾಗಿ ಕಾಣುತ್ತಿದ್ದವು. ಅಲ್ಲಿ ಸೂಜಿ ಹೆಚ್ಚು ಮುರಿಯುತ್ತಿತ್ತು ಅಂತಲ್ಲ, ಮುರಿದದ್ದೆಲ್ಲ ಪುಸ್ತಕಕ್ಕೆ ಬರುತ್ತಿತ್ತು. ಸೂಪರ್‌ವೈಸರ್ ಆಗುವ ಆಸೆಯಿರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ತಪ್ಪೇ ಕಾಣದ ರಿಜಿಸ್ಟರನ್ನು ನೋಡಿ ಹಿಗ್ಗಬೇಡಿ, ಯಾರು ಹೆದರಿಕೊಂಡಿದ್ದಾರೆ ಎಂದು ವಿಚಾರಿಸಿ.

ಸೂಜಿಯ ಮುಂದಿರುವ ಗಾರ್ಡಿನ ಮಾತೂ ಹೀಗೇ. ಕೆಲಸ ಬೇಗ ಸಾಗಲೆಂದು ಅದನ್ನು ಮೇಲೆತ್ತಿ ಹೊಲಿಯುವವರಿದ್ದಾರೆ. ಸೂಜಿ ಉಗುರಿನ ಮೂಲಕ ಬೆರಳೊಳಗೆ ಇಳಿದ ಮೇಲೆ ಅಯ್ಯೋ ಎನ್ನುವುದಕ್ಕಿಂತ, ಮೊದಲೇ ‘ಗಾರ್ಡ್ ಇಳಿಸು’ ಎಂದು ಪಕ್ಕದವಳಿಗೆ ಹೇಳುವುದು ದೊಡ್ಡ ಸ್ನೇಹ.

ಇನ್ನು ನೀರಿನ ಮಾತು. ನಮ್ಮದು ಬಯಲುಸೀಮೆ. ಮಾರ್ಚ್ ಬಂತೆಂದರೆ ತಗಡಿನ ಮಾಡಿನ ಕೆಳಗೆ, ಅದರಲ್ಲೂ ಇಸ್ತ್ರಿ ಹಾಕುವ ಕಡೆ, ಹಬೆಯಲ್ಲೇ ನಿಂತಂತೆ ಇರುತ್ತದೆ. ಆದರೂ ಎಷ್ಟೋ ಹುಡುಗಿಯರು ಬೆಳಗಿನಿಂದ ಊಟದ ಹೊತ್ತಿನವರೆಗೆ ಒಂದು ಲೋಟ ನೀರು ಕುಡಿಯುವುದಿಲ್ಲ. ಕುಡಿದರೆ ಎದ್ದು ಹೋಗಬೇಕು, ಎದ್ದರೆ ನಾಲ್ಕು ಕಣ್ಣು ನೋಡುತ್ತವೆ, ‘ಎಷ್ಟು ಸಲ ಹೋಗ್ತೀಯೇ’ ಎಂದು ಯಾರೋ ಕಿಸಕ್ಕನೆ ನಗುತ್ತಾರೆ. ಹೀಗೆ ತಡೆದು ತಡೆದು ಉರಿಮೂತ್ರ, ಸೋಂಕು, ಕೆಲವರಿಗೆ ಮೂತ್ರಪಿಂಡದ ಕಲ್ಲು. ಮುಟ್ಟಿನ ದಿನಗಳಲ್ಲಿ ಈ ಸಂಕಟ ಎರಡರಷ್ಟು. ಮೇಲಿನವರು ಬಿಡುವು ಕೊಡಬೇಕಾದದ್ದು ಬೇರೆ ಮಾತು, ಅದನ್ನು ಕೇಳಿಯೇ ಪಡೆಯಬೇಕು. ನಗುವುದನ್ನು ನಿಲ್ಲಿಸಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ‘ಬಾ, ಇಬ್ಬರೂ ಹೋಗಿ ಬರೋಣ’ ಎಂದರೆ ಹೊಸಬಳ ಸಂಕೋಚ ಅರ್ಧ ಇಳಿಯುತ್ತದೆ.

ಕುಡಿಯುವ ನೀರು ಎಲ್ಲಿಂದ ಬಂತು ಎಂದೂ ಕೇಳಿ ತಿಳಿದುಕೊಳ್ಳಿ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಆಳದ ಕೊಳವೆಬಾವಿಗಳೇ ಆಧಾರ. ಬಹಳ ಕಡೆ ಆ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬರುತ್ತದೆ, ವರ್ಷಗಟ್ಟಲೆ ಕುಡಿದವರ ಕೀಲು ಬಿಗಿಯುತ್ತದೆ. ಬಾಗಿ ನಡೆಯುವ ನಮ್ಮ ಹಿರಿಯರಲ್ಲಿ ಎಷ್ಟೋ ಜನರ ನೋವು ಬರೀ ವಯಸ್ಸಿನದಲ್ಲ. ಶುದ್ಧ ನೀರಿನ ಘಟಕದ ನೀರನ್ನೇ ಬಾಟಲಿಗೆ ತುಂಬಿಕೊಳ್ಳಿ, ಪಕ್ಕದವರಿಗೂ ಕೊಡಿ.

ಊಟದ ಬಗ್ಗೆ ನನಗೆ ಬೇಸರವಿದೆ. ಬೆಳಗ್ಗೆ ಬರೀ ಟೀ ಕುಡಿದು ಬಸ್ಸು ಹತ್ತುವುದು, ಮಧ್ಯಾಹ್ನ ತಣ್ಣನೆಯ ಚಿತ್ರಾನ್ನ. ಮುದ್ದೆ ತಂದರೆ ಹಳ್ಳಿ ಗುಗ್ಗು ಅಂದಾರು ಎಂಬ ನಾಚಿಕೆ. ರಾಗಿಯೂ ಸೊಪ್ಪೂ ಹುರುಳಿಯೂ ಬೆಳೆಯುವ ನಾಡಿನ ಮಕ್ಕಳು ರಕ್ತವಿಲ್ಲದೆ ಬಿಳಿಚಿಕೊಂಡು ಕೂರುತ್ತಾರಲ್ಲ ಎಂದು ಹೊಟ್ಟೆ ಉರಿಯುತ್ತದೆ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ಮುದ್ದೆ, ಮಸ್ಸೊಪ್ಪು ತಂದವಳನ್ನು ಹೊಗಳಿ. ಒಂದು ತುತ್ತು ಕೇಳಿ ತಿನ್ನಿ. ನಾಳೆ ಇನ್ನಿಬ್ಬರು ತರುತ್ತಾರೆ.

ಜ್ವರ ಬಂದರೂ ಮುಚ್ಚಿಟ್ಟುಕೊಂಡು ಬರುವವರಿದ್ದಾರೆ, ಸಂಬಳ ಹೋದೀತೆಂದು. ನಿಮ್ಮ ಸಂಬಳದಲ್ಲಿ ಶೇ. 0.75ರಷ್ಟು ಇಎಸ್‌ಐಗೆ ಮುರಿಯುತ್ತಾರೆ, ಅದರ ಮೇಲೆ ಮಾಲೀಕರು ಶೇ. 3.25 ಕಟ್ಟುತ್ತಾರೆ. ಆರು ತಿಂಗಳ ಅವಧಿಯಲ್ಲಿ 78 ದಿನಗಳ ಚಂದಾ ಆಗಿದ್ದರೆ, ಮುಂದೆ ಅದಕ್ಕೆ ಹೊಂದಿದ ಅವಧಿಯಲ್ಲಿ ಕಾಯಿಲೆ ಬಿದ್ದಾಗ ಡಾಕ್ಟರ ಸರ್ಟಿಫಿಕೇಟಿನ ಮೇಲೆ ದಿನಗೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಇದು ಯಾರೂ ದಾನ ಕೊಟ್ಟದ್ದಲ್ಲ, ನಿಮ್ಮ ಹಕ್ಕು. ಆದರೆ ಮೊದಲ ಸಲ ಇಎಸ್‌ಐ ಆಸ್ಪತ್ರೆಯ ಕಿಟಕಿ ಮುಂದೆ ನಿಲ್ಲುವ ಹುಡುಗಿಗೆ ಯಾವ ಕಾಗದ ಎಲ್ಲಿ ಕೊಡಬೇಕೆಂದು ತಿಳಿಯುವುದಿಲ್ಲ. ಒಮ್ಮೆ ಹೋಗಿ ಬಂದವರು ಅವಳ ಜೊತೆಗೆ ಹೋಗಿ.

ಬಾಯಿಯ ವಿಷಯಕ್ಕೆ ಬರುತ್ತೇನೆ. ಚಾಡಿ ಹೇಳಬಾರದು ಎಂದು ಎಲ್ಲರಿಗೂ ಗೊತ್ತು. ಸುಮ್ಮನಿರುವುದೂ ಎಷ್ಟೋ ಸಲ ಚಾಡಿಯಷ್ಟೇ ಕೆಟ್ಟದ್ದು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ನಮಗೆಲ್ಲ ವಿದುರಾಶ್ವತ್ಥ ಮನೆಬಾಗಿಲಿನ ಕ್ಷೇತ್ರ. ಅಲ್ಲಿದ್ದ ಹಳೆಯ ಅರಳಿಮರವನ್ನು ವಿದುರನೇ ನೆಟ್ಟ ಎಂಬುದು ನಂಬಿಕೆ. ಹರಕೆ ಹೊತ್ತವರು ಅಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡುತ್ತಾರೆ, ನೀವೂ ಪ್ರದಕ್ಷಿಣೆ ಹಾಕಿರುತ್ತೀರಿ. ಹಾಕುವಾಗ ಆ ವಿದುರ ಯಾರೆಂದು ಒಂದು ಗಳಿಗೆ ನೆನೆಯಿರಿ. ಪಗಡೆಯಾಟ ಬೇಡ, ಇದರಿಂದ ಕುಲನಾಶ ಎಂದು ದೊರೆಯಾದ ಅಣ್ಣನ ಮುಖಕ್ಕೇ ಹೇಳಿದವನು. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಅವನು ಮತ್ತೆ ಮಾತಾಡಿದ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ನಿಂತ. ಭೀಷ್ಮರು ಧರ್ಮ ಸೂಕ್ಷ್ಮ ಎಂದು ತಲೆ ತಗ್ಗಿಸಿದರು, ದ್ರೋಣರು ಸುಮ್ಮನೆ ಕೂತರು. ವಿದುರನ ಮಾತು ಸಾಲದಾದದ್ದು ಅದರಲ್ಲಿ ಸತ್ಯ ಕಡಿಮೆಯಿತ್ತೆಂದಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ‘ಅವನು ಹೇಳುವುದು ಸರಿ’ ಎನ್ನುವ ಹಿರಿಯ ಬಾಯಿ ಒಂದೂ ಇರಲಿಲ್ಲ. ಅದೇ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ನಮ್ಮ ಸುತ್ತಲ ಹಳ್ಳಿಗಳ ಜನರ ಮೇಲೆ ಗುಂಡು ಹಾರಿತು. ಅವರ ನೆನಪಿಗೆ ನಿಂತಿರುವ ವೀರಸೌಧಕ್ಕೂ ಒಮ್ಮೆ ಹೋಗಿ ಬನ್ನಿ. ಒಬ್ಬರ ಪಕ್ಕದಲ್ಲಿ ಒಬ್ಬರು ನಿಲ್ಲುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು.

ಲೈನಿನಲ್ಲಿ ಒಬ್ಬಳಿಗೆ ಯಾರಾದರೂ ಕೆಟ್ಟದಾಗಿ ಬೈದರೆ, ಮೈ ತಾಗಿಸಿ ಮಾತಾಡಿದರೆ, ರಾತ್ರಿ ಬೇಡದ ಮೆಸೇಜು ಕಳಿಸಿದರೆ, ಅವಳು ಮೊದಲು ನೋಡುವುದು ಪಕ್ಕದವಳ ಮುಖ. ಅಲ್ಲಿ ನಂಬಿಕೆ ಕಂಡರೆ ದೂರು ಕೊಡುತ್ತಾಳೆ, ‘ನೀನೇ ಏನೋ ಸಲಿಗೆ ಕೊಟ್ಟಿರಬೇಕು’ ಎಂಬುದು ಕಂಡರೆ ಕೆಲಸ ಬಿಡುತ್ತಾಳೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಜನರೋ ಅದಕ್ಕಿಂತ ಹೆಚ್ಚೋ ಇರುವ ಪ್ರತಿ ಕೆಲಸದ ಜಾಗದಲ್ಲೂ ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು. ಗಂಡುಮಕ್ಕಳೇ, ಈ ಮಾತನ್ನು ಹೆಣ್ಣುಮಕ್ಕಳಿಗೆ ಬಿಟ್ಟದ್ದು ಎಂದುಕೊಳ್ಳಬೇಡಿ. ಗೆಳೆಯರ ಗುಂಪಿನಲ್ಲಿ ಕೆಟ್ಟ ಮಾತು ಬಂದಾಗ ನಗದೆ ಎದ್ದು ಬರುವ ಒಬ್ಬ ಹುಡುಗನಿದ್ದರೆ ಆ ಮಾತಿನ ರುಚಿಯೇ ಹೋಗುತ್ತದೆ.

ದೇವರ ವಿಷಯದಲ್ಲಿ ನಾನು ದೊಡ್ಡ ಮಾತಾಡಲಾರೆ. ಬೆಳಗ್ಗೆ ಮೆಷಿನ್ನಿಗೆ ಕೈ ಮುಗಿದು ಕೂರುವ ಅಭ್ಯಾಸ ನನ್ನದು. ಅಲೀಪುರದಿಂದ ಬರುತ್ತಿದ್ದ ಒಬ್ಬ ಗೆಳತಿ ಬಿಸ್ಮಿಲ್ಲಾ ಎಂದು ಸ್ವಿಚ್ಚು ಒತ್ತುತ್ತಿದ್ದಳು. ಅವರ ಊರಿನಲ್ಲಿ ಮೊಹರಂ ಹತ್ತನೆಯ ದಿನ ಹಬ್ಬದ ಸಂಭ್ರಮದ ದಿನವಲ್ಲ, ಶೋಕದ ದಿನ. ಅದು ತಿಳಿಯದೆ ‘ಹಬ್ಬದ ಶುಭಾಶಯ’ ಎನ್ನುವವರಿದ್ದಾರೆ. ಪಕ್ಕದವರ ದೇವರ ಬಗ್ಗೆ ಅಷ್ಟನ್ನಾದರೂ ಕೇಳಿ ತಿಳಿದುಕೊಳ್ಳುವುದು ಭಕ್ತಿಯ ಒಂದು ಭಾಗವೇ. ನಮ್ಮ ರಾಜ್ಯದಲ್ಲಿ 1963ರ ಕಾಯ್ದೆಯಂತೆ ಕಾರ್ಖಾನೆಗಳಿಗೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಹಾಗೂ ಐದು ಹಬ್ಬದ ರಜೆಗಳು. ಐದು ರಜೆಯಲ್ಲಿ ಯುಗಾದಿ, ವರಮಹಾಲಕ್ಷ್ಮಿ, ಗೌರಿ ಗಣೇಶ, ರಂಜಾನ್, ಮೊಹರಂ, ಕ್ರಿಸ್‌ಮಸ್, ಊರ ಜಾತ್ರೆ ಎಲ್ಲ ಎಲ್ಲಿ ಹಿಡಿಯಬೇಕು? ಪಕ್ಕದವಳ ಹಬ್ಬದ ದಿನ ಅವಳ ಕೆಲಸ ನೀವು ಹೊರಿ, ನಿಮ್ಮ ಹಬ್ಬದ ದಿನ ನಿಮ್ಮದನ್ನು ಅವಳು ಹೊರಲಿ. ರಂಜಾನ್ ಉಪವಾಸದ ಮಧ್ಯಾಹ್ನಗಳಲ್ಲಿ ಭಾರದ ಬಂಡಲು ನೀವೇ ಎತ್ತಿಕೊಡಿ. ಚಿಂತಾಮಣಿ ಬಳಿಯ ಮುರುಗಮಲ್ಲದ ದರ್ಗಾಕ್ಕೆ ಕಾಯಿಲೆ ಕಸಾಲೆಯವರನ್ನು ಕರೆದುಕೊಂಡು ಹೋಗುವ ಹಿಂದೂ ಮನೆಗಳು ಎಷ್ಟಿಲ್ಲ? ಈ ಸೀಮೆಯಲ್ಲಿ ಇದು ಹೊಸ ಪಾಠವೇನಲ್ಲ.

ಚಿಂತಾಮಣಿ ತಾಲ್ಲೂಕಿನದೇ ಕೈವಾರದ ತಾತಯ್ಯನವರನ್ನು ನಾನು ಆಗಾಗ ನೆನೆಯುವುದು ಅವರ ಕಸುಬಿಗಾಗಿ. ತಾತಯ್ಯ, ಅಂದರೆ ಯೋಗಿ ನಾರೇಯಣರು, ಬಳೆಯ ಮಲಾರ ಹೊತ್ತು ಊರೂರು ತಿರುಗಿದವರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಬಳೆ ತೊಡಿಸುವವರು ಎದುರಿಗೆ ಬಂದು ಕೂತವಳ ಕೈಯನ್ನು ಹಿಡಿಯಲೇಬೇಕು, ನೋವಾಗದಂತೆ, ಗಾಜು ಚುಚ್ಚದಂತೆ. ಬಡವಿಯೋ ಶ್ರೀಮಂತೆಯೋ, ಕೈ ಕೈಯೇ. ಇವತ್ತಿಗೂ ಕ್ಯಾಂಟೀನಿನಲ್ಲಿ ಊಟಕ್ಕೆ ಕೂರುವಾಗ ಜಾತಿ ಜಾತಿಯಾಗಿ ವೃತ್ತ ಕಟ್ಟುವುದನ್ನು ಕಂಡರೆ ನನಗೆ ತಾತಯ್ಯನವರ ನೆನಪಾಗಿ ಸಂಕಟವಾಗುತ್ತದೆ. ಯಾವಳ ಡಬ್ಬಿಗೆ ಯಾರೂ ಕೈ ಹಾಕುವುದಿಲ್ಲವೋ ಅವಳ ಪಕ್ಕದಲ್ಲಿ ಹೋಗಿ ಕೂರಿ. ಗುರುಪೂರ್ಣಿಮೆಗೆ ಕೈವಾರಕ್ಕೆ ಹೋಗಿ ಸಂಗೀತ ಕೇಳುವುದಕ್ಕೆ ಮುಂಚೆ ಆಗಬೇಕಾದ ಕೆಲಸ ಇದು.

ದೇವರನ್ನು ನಂಬದವರೂ ನಿಮ್ಮ ನಡುವೆ ಇರುತ್ತಾರೆ. ಪವಾಡ ಎಂದರೆ ಪ್ರಶ್ನೆ ಕೇಳುವ ಹುಡುಗನನ್ನು ತಲೆಹರಟೆ ಎಂದು ದೂರ ಮಾಡಬೇಡಿ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಬಡತನದಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದ ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಅಷ್ಟು ದೊಡ್ಡವರಾದರೂ ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ಕಾಲೇಜು ತಂದರು. ಪೂಜೆ ಮಾಡುವ ನಾನು ಅವರ ನಡತೆಗೆ ಕೈ ಮುಗಿಯುತ್ತೇನೆ.

ದುಡ್ಡಿನ ಬಗ್ಗೆ ಬಹಳ ಹೇಳುವುದಿಲ್ಲ. ಸಂಘದ ಸಾಲಕ್ಕೆ, ಚೀಟಿಗೆ ಗೆಳತಿಯನ್ನು ದಾಕ್ಷಿಣ್ಯಕ್ಕೆ ಕೆಡವಿ ಜಾಮೀನು ಹಾಕಿಸಬೇಡಿ. ಕೈಸಾಲ ಕೊಟ್ಟರೆ ನಾಲ್ಕು ಜನರ ಮುಂದೆ ಕೇಳಬೇಡಿ, ತೆಗೆದುಕೊಂಡರೆ ಅವರು ಕೇಳುವ ತನಕ ಕಾಯಬೇಡಿ. ಕಂತಿನವರು ಗೇಟಿನ ಹತ್ತಿರ ಬಂದು ಅವಮಾನ ಮಾಡಿದರೆ ಅದನ್ನು ಕ್ಯಾಂಟೀನಿನ ಸುದ್ದಿ ಮಾಡಬೇಡಿ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಅದನ್ನು ಅವಳಿಗೆ ಒಬ್ಬಳೇ ಇರುವಾಗ ಹೇಳಿ.

ಸಾಲಕ್ಕೂ ಮನಸ್ಸಿಗೂ ನಂಟಿದೆ. ಸದಾ ಮಾತಾಡುತ್ತಿದ್ದವಳು ಮೌನವಾದರೆ, ಡಬ್ಬಿ ಬಿಚ್ಚದೆ ವಾಪಸ್ಸು ಒಯ್ದರೆ, ‘ನಾನಿಲ್ಲದಿದ್ದರೆ ಎಲ್ಲರಿಗೂ ಸುಖ’ ಎಂಬಂಥ ಮಾತು ಆಡಿದರೆ, ನಾಟಕ ಎಂದುಕೊಳ್ಳಬೇಡಿ. ಎಲ್ಲ ಸರಿಹೋಗುತ್ತೆ ಬಿಡು ಎಂದು ಮಾತು ಮುಗಿಸಲೂ ಬೇಡಿ. ಏನಾಯಿತು ಎಂದು ಕೇಳಿ, ಕೇಳಿದ ಮೇಲೆ ಸುಮ್ಮನೆ ಕಿವಿಗೊಡಿ, ಅವಳು ಹೇಳಿದ್ದು ನಿಮ್ಮಲ್ಲೇ ಇರಲಿ. ಸಾಯುವ ಮಾತು ಬಂದರೆ ಮಾತ್ರ ಗುಟ್ಟು ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ, ಅವಳು ನಂಬುವ ಮನೆಯವರಿಗೋ ಹಿರಿಯರಿಗೋ ಆಗಲೇ ತಿಳಿಸಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. 2022ರಲ್ಲಿ ಶುರುವಾದ ಈ ಸೇವೆಯ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ. ನಂಬರನ್ನು ನಿಮ್ಮ ಫೋನಿನಲ್ಲಿ ಈಗಲೇ ಹಾಕಿಕೊಳ್ಳಿ. ವೈದ್ಯರ ಹತ್ತಿರ ಹೋದರೆ ಹುಚ್ಚು ಎನ್ನುವ ಕಾಲ ನಮ್ಮ ತಲೆಮಾರಿಗೇ ಮುಗಿಯಲಿ. ಹರಕೆ ಹೊರುವವರು ಹರಕೆಯನ್ನೂ ಹೊರಲಿ, ಮಾತ್ರೆಯನ್ನೂ ನುಂಗಲಿ.

ಈಗೀಗ ನಮ್ಮ ಕಡೆಯ ಕಾರ್ಖಾನೆಗಳಿಗೆ ಒಡಿಶಾ, ಜಾರ್ಖಂಡ್, ಬಿಹಾರಗಳಿಂದಲೂ ಮಕ್ಕಳು ಬರುತ್ತಿದ್ದಾರೆ. ಹದಿನೆಂಟು ತುಂಬಿದ ಕೂಡಲೇ ರೈಲು ಹತ್ತಿ, ಹಾಸ್ಟೆಲಿನಲ್ಲಿ ಆರೇಳು ಜನ ಒಂದೇ ಕೋಣೆಯಲ್ಲಿ ಮಲಗಿ ಎದ್ದು ಬರುವವರು. ನಮ್ಮವರು ಸಂಜೆಗೆ ಹಿಂದೂಪುರದ ಕಡೆಗೋ ಬೆಂಗಳೂರಿನ ಕಡೆಗೋ ರೈಲು ಹಿಡಿದು ತಾಯಿಯ ಕೈಯಡುಗೆ ಉಣ್ಣುತ್ತಾರೆ. ಅವರಿಗೆ ಆ ಭಾಗ್ಯವಿಲ್ಲ. ‘ಹಿಂದಿಯವರು’ ಎಂದು ಒಟ್ಟಾಗಿ ಕರೆಯದೆ ಹೆಸರು ಕೇಳಿ, ಸರಿಯಾಗಿ ಕರೆಯಿರಿ. ಕನ್ನಡ ಕಲಿಸಬೇಕೆಂಬ ಆಸೆ ನನಗೂ ಇದೆ. ಬೈಗುಳದಿಂದ ಶುರು ಮಾಡಿ ನಗುವ ಬದಲು ‘ನೀರು’, ‘ನೋವು’, ‘ಸಾಕು’, ‘ಬೇಡ’ ಇವನ್ನು ಮೊದಲು ಕಲಿಸಿ. ಸೇರಿದ ಮೊದಲ ವಾರದಲ್ಲೇ ಕುಡಿಯುವ ನೀರಿನ ನಲ್ಲಿ ಯಾವುದು, ಹೆಂಗಸರ ಶೌಚಾಲಯ ಎಲ್ಲಿ, ಇಎಸ್‌ಐ ಡಾಕ್ಟರು ಯಾವ ಹೊತ್ತಿಗೆ ಸಿಗುತ್ತಾರೆ, ದೂರು ಕೇಳುವ ಸಮಿತಿಯಲ್ಲಿ ಯಾರಿದ್ದಾರೆ, ರಾತ್ರಿ ಪಾಳಿ ಮುಗಿದಾಗ ಯಾರ ಜೊತೆ ಗೇಟು ದಾಟಬೇಕು ಎಂದು ತಿಳಿಸಿಕೊಡಿ. ಮಾತು ಅರ್ಥವಾಗದಿದ್ದರೆ ಜೊತೆಗೆ ಕರೆದುಕೊಂಡು ಹೋಗಿ ತೋರಿಸಿ.